ಒಂದೇ ಗಂಟಲು, ಎರಡು ಚುನಾವಣೆ

೧
ಎಲ್ಲಿಂದ ಶುರು ಮಾಡುವುದು? ‘ದೇಶದ ಚುನಾವಣೆ, ರಾಜ್ಯದ ಚುನಾವಣೆ ಒಟ್ಟಿಗೇ ನಡೆದರೆ ಖರ್ಚು ಉಳಿಯುತ್ತದೆ, ನೌಕರರ ಓಡಾಟ ತಪ್ಪುತ್ತದೆ’ ಎಂದು ಶುರು ಮಾಡಿದ್ದೆ. ಓದಿ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಡಿಲೀಟ್ ಒತ್ತಿದೆ ಅಷ್ಟೇ. ಹರಿದೆ ಅನ್ನುವುದು ಲೇಖಕನ ಗತ್ತು.)

೨
ಆದ್ದರಿಂದ ಮೈಕಣ್ಣನನ್ನು ಕರೆತಂದೆ. ಚುನಾವಣೆ ಬಂದರೆ ಪ್ರಚಾರದ ವ್ಯಾನಿನಲ್ಲಿ ಕೂತು ಕೂಗುವುದು ಅವನ ಕಸುಬು. ಸೀಸನ್ನಿನಲ್ಲಿ ಗಂಟಲು ಉಳಿಸಿಕೊಳ್ಳಲು ಮನೆಯಲ್ಲಿ ಅವನದು ಮೌನವ್ರತ. ಹೆಂಡತಿ ಏನು ಕೇಳಿದರೂ ಬೆರಳಿನಿಂದ ಲೋಟ ತಟ್ಟುತ್ತಾನೆ. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ.

ದೇಶದ್ದು ಮುಗಿಯಿತು ಅನ್ನುವಷ್ಟರಲ್ಲಿ ರಾಜ್ಯದ್ದು ವಕ್ಕರಿಸುತ್ತಿತ್ತು. ಅವಳ ಅರ್ಧ ಸಂಸಾರ ಲೋಟದ ಸದ್ದಿನಲ್ಲೇ ಕಳೆದಿದೆ. ಇನ್ನು ಮುಂದೆ ಎರಡೂ ಒಟ್ಟಿಗೇ ಅಂತೆ ಎಂಬ ಸುದ್ದಿಗೆ ಅವಳಷ್ಟು ಹಿಗ್ಗಿದವರು ಇಡೀ ದೇಶದಲ್ಲಿ ಇರಲಿಕ್ಕಿಲ್ಲ. ಒಂದು ಸಲ ಕೂಗಿ ಮುಗಿಸಿದರೆ ಆಮೇಲೆ ಐದು ವರ್ಷ ಗಂಡ ಮನೆಯಲ್ಲಿ ಬಾಯಿ ಬಿಡುತ್ತಾನೆ.

(ಇಲ್ಲಿಗೇ ನಿಲ್ಲಿಸಬಹುದಿತ್ತು. ಒಳ್ಳೆಯ ಸರ್ಕಾರಿ ಜಾಹೀರಾತಾಗುತ್ತಿತ್ತು.)

೩
ಅದಕ್ಕೇ ಗಂಟಲಿನ ಡಾಕ್ಟರನ್ನು ಕರೆತಂದೆ. ಇನ್ನೊಂದು ಸೀಸನ್ ಕೂಗಿದರೆ ದನಿ ಪೂರ್ತಿ ಹೋಗುತ್ತದೆ ಎಂದರು. ಈ ಸಲ ಬಿಟ್ಟುಬಿಡಿ ಎಂದು ಹೆಂಡತಿ ಅಂಗಲಾಚಿದಳು. ಮೈಕಣ್ಣ ಅವಳಿಗೆ ಉತ್ತರ ಕೊಡದೆ ನನ್ನ ಮೇಲೆ ತಿರುಗಿಬಿದ್ದ.

“ಮೊದಲಾದ್ರೆ ಒಂದು ಬಿಟ್ರೆ ಇನ್ನೊಂದು ಬರ್ತಿತ್ತು ಸಾರ್. ಈಗ ಇದು ತಪ್ಪಿದ್ರೆ ಐದು ವರ್ಷ ಮೈಕ್ ಮುಟ್ಟೋ ಹಾಗಿಲ್ಲ. ಅಷ್ಟರಲ್ಲಿ ನನ್ನನ್ನ ಯಾರು ನೆನಪಿಟ್ಕೊಂಡಿರ್ತಾರೆ?”

(ಪಾತ್ರಗಳಿಗೆ ಸಲಿಗೆ ಕೊಡಬಾರದು.)

೪
ಹಟ ಹಿಡಿದು ಅಭ್ಯಾಸಕ್ಕೆ ಕೂತ. ಬೆಳಿಗ್ಗೆ ದೇಶಕ್ಕಾಗಿ ಏಣಿ ಗುರುತು, ಸಂಜೆ ರಾಜ್ಯಕ್ಕಾಗಿ ಬಕೆಟ್ ಗುರುತು. ಬದ್ಧವೈರಿಗಳಿಬ್ಬರಿಗೂ ಬಾಡಿಗೆ ಗಂಟಲು ಒಂದೇ. ಸಮಯ ಉಳಿಸಲು ಎರಡನ್ನೂ ಒಂದೇ ಉಸಿರಿಗೆ ಕೂಗಿ ನೋಡಿದ. ಗಡಿ, ಸೇನೆ, ವಿಶ್ವದಲ್ಲಿ ನಮ್ಮ ಸ್ಥಾನ ಎಂದು ಏರಿದ ದನಿ ತನ್ನದೇ ಬೀದಿಯ ಮೋರಿಯ ವಿಷಯಕ್ಕೆ ಬರುವಷ್ಟರಲ್ಲಿ ಅಡಗಿಹೋಯಿತು. ಮತ್ತೆ ಮೊದಲಿನಿಂದ ಕೂಗಿದರೂ ಅಷ್ಟೇ. ಹಿಂದೆಲ್ಲ ಮೋರಿಗೆ ಅದರದೇ ಆದ ಚುನಾವಣೆ ಇರುತ್ತಿತ್ತು.

(ಒಟ್ಟಿಗೆ ಚುನಾವಣೆ ಬೇಡ ಅನ್ನುವವರ ವಾದವೂ ಇದೇ. ನನಗೆ ಪುಕ್ಕಟೆ ಸಿಕ್ಕಿತು.)

೫
ಮುಕ್ತಾಯ ಒಂದು: ಅವನು ಕೂಗುತ್ತಾನೆ, ಇಬ್ಬರೂ ಗೆಲ್ಲುತ್ತಾರೆ, ದನಿ ಹೋಗುತ್ತದೆ.

ಮುಕ್ತಾಯ ಎರಡು: ಅವನು ಕೂಗುವುದಿಲ್ಲ. ಸರ್ಕಾರ ಅರ್ಧದಲ್ಲೇ ಬಿದ್ದು ಇನ್ನೊಂದು ಚುನಾವಣೆ ಬರುತ್ತದೆ. ಒಟ್ಟಿಗೆ ನಡೆಸಿದ್ದೆಲ್ಲ ದಂಡ.

ಎರಡನ್ನೂ ಮೈಕಣ್ಣನ ಹೆಂಡತಿಗೆ ಓದಿ ಹೇಳಿದೆ.

“ನಿಮ್ಮ ಕಥೆ ಹೇಗಾದ್ರೂ ಮುಗೀಲಿ ಸಾರ್. ನಾನು ಇವರನ್ನೇ ಕೇಳ್ಕೋತೀನಿ.”

ಗಂಡನ ಮುಂದೆ ನೀರಿನ ಲೋಟ ಇಟ್ಟು ಎದುರಿಗೆ ಕೂತಳು.

“ರೀ, ಉಳಿದಿರೋ ದನಿ ನಂಗೆ ಕೊಡ್ತೀರಾ?”

ಮೈಕಣ್ಣ ಲೋಟವನ್ನು ಒಂದು ಸಲ ತಟ್ಟಿದ.

ಬೆರಳು ಇನ್ನೂ ಎತ್ತಿದಂತೆಯೇ ಇದೆ. ನಾನು ಕೀಬೋರ್ಡಿನಿಂದ ಕೈ ತೆಗೆದಿದ್ದೇನೆ.