ಕಾಣಿಕೆ ಡಬ್ಬಿಯ ಏರು

ಬಾವಿಯಿಂದ ಒಂದು ಕೊಡ ನೀರು ತರಲು ಅರ್ಧ ದಿನ ಮಾಡುವ ನನ್ನ ಗಂಡ ಧರ್ಣಪ್ಪ, ಬಸ್ಸಿನ ಸ್ಟಿಯರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಬಂಟ್ವಾಳದಿಂದ ಬೆಳ್ತಂಗಡಿಗೆ ಆಗ ಎರಡು ಕಂಪೆನಿಗಳ ಬಸ್ಸು ಓಡುತ್ತಿದ್ದವು. ಹಸಿರು ಬಸ್ಸು ಇವರದ್ದು, ಕೆಂಪು ಬಸ್ಸು ಯಾಕೂಬರದ್ದು. ಇದ್ದಿಲು ಗ್ಯಾಸಿನ ಬಸ್ಸಿನ ಕಾಲದಲ್ಲಿ ಇಬ್ಬರೂ ಒಟ್ಟಿಗೆ ಕ್ಲೀನರ್ ಆಗಿದ್ದವರು, ಒಂದೇ ಬೀಡಿ ಹಂಚಿಕೊಂಡವರು. ಕಂಪೆನಿ ಬೇರೆಯಾದ ಮೇಲೆ ಜನ ಅವರನ್ನು ಕಂಬಳದ ಕೋಣಗಳ ಹಾಗೆ ಓಡಿಸಿದರು. ಮುಂದೆ ಹೋದ ಬಸ್ಸಿಗೆ ದಾರಿಯ ಜನವೆಲ್ಲ ಸಿಗುತ್ತದೆಂಬ ಆಸೆ ಧಣಿಗಳಿಗೆ, ಬರೇ ಮೋಜು ಹತ್ತಿದವರಿಗೆ. "ಬಿಡಬೇಡ ಧರ್ಣಪ್ಪ" ಎಂದು ಹುರಿದುಂಬಿಸುವವರಲ್ಲಿ ತಲೆ ನರೆತ ಮಾಸ್ತರರೂ ಇದ್ದರು.

ಪುಂಜಾಲಕಟ್ಟೆ ದಾಟಿದ ಮೇಲೆ ಒಂದು ಏರು. ಅಲ್ಲಿ ರಸ್ತೆಯ ಬಲಗಡೆ ದೈವದ ಕಾಣಿಕೆ ಡಬ್ಬಿ. ಬಸ್ಸು ಎಡಕ್ಕೆ ನಿಲ್ಲುತ್ತಿತ್ತು. ಯಾರಾದರೊಬ್ಬರು ಎಲ್ಲರ ಚಿಲ್ಲರೆ ಒಟ್ಟು ಮಾಡಿ, ಇಳಿದು, ಬಸ್ಸಿನ ಮುಂದಿನಿಂದ ರಸ್ತೆ ದಾಟಿ ಹಾಕಿ ಬರುತ್ತಿದ್ದರು. ಅಷ್ಟು ಹೊತ್ತು ಹಿಂದಿನ ಬಸ್ಸು ಹಿಂದೆಯೇ ಕಾಯುತ್ತಿತ್ತು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ, ಮುರಿದವರೂ ಇರಲಿಲ್ಲ. ಹಾಗಾಗಿ ಆ ಏರಿನಲ್ಲಿ ರಸ್ತೆ ದಾಟುವವರು ಅತ್ತಿತ್ತ ನೋಡುವ ಕ್ರಮವೇ ಇರಲಿಲ್ಲ.

ನನ್ನ ಅತ್ತೆ ಸೇಸಮ್ಮನಿಗೆ ಮಗನ ಬಸ್ಸು ಆಗದು. "ಅವನ ಬಸ್ಸಲ್ಲಿ ಕೂತರೆ ಕುಡಿದ ಗಂಜಿ ಬಾಯಿಗೆ ಬರ್ತದೆ" ಎನ್ನುತ್ತ ಯಾಕೂಬರ ಬಸ್ಸಿಗೇ ಕಾಯುತ್ತಿದ್ದರು. ಇವರು ನಗುತ್ತಿದ್ದರು, ಒಳಗೆ ಉರಿಯುತ್ತಿತ್ತು ಎಂಬುದು ನನಗೆ ಗೊತ್ತು.

ಐವತ್ತೆಂಟರಲ್ಲಿ ಹಸಿರು ಕಂಪೆನಿಗೆ ಹೊಸ ಡೀಸೆಲ್ ಬಸ್ಸು ಬಂತು. ಅದರ ಮೇಲೆ ಇವರಿಗೂ ಕಣ್ಣು, ಅದೇ ಕಂಪೆನಿಯ ಇನ್ನೊಬ್ಬ ಡ್ರೈವರ್ ಮಾಯಿಲಪ್ಪನಿಗೂ ಕಣ್ಣು. ಧಣಿಗಳು ನೇರವಾಗಿಯೇ ಹೇಳಿದರು, "ಸಂತೆಯ ದಿನ ನಾನು ಬೆಳ್ತಂಗಡಿಯಲ್ಲಿ ನಿಂತಿರ್ತೇನೆ. ಕೆಂಪು ಬಸ್ಸಿನ ಧೂಳು ತಿಂದುಕೊಂಡು ಬಂದಿಯೋ, ಹೊಸ ಬಸ್ಸು ಮಾಯಿಲಪ್ಪನಿಗೆ." ಆ ವಾರವಿಡೀ ಇವರಿಗೆ ಅನ್ನ ಸೇರಲಿಲ್ಲ.

ಸಂತೆಯ ದಿನ ನಾನು ಇವರ ಬೆನ್ನ ಹಿಂದಿನ ಸೀಟಿನಲ್ಲೇ ಇದ್ದೆ. ಅತ್ತೆ ಬೆಳಿಗ್ಗೆಯೇ ಬಂಟ್ವಾಳ ಪೇಟೆಗೆ ಹೋಗಿದ್ದರು. ದಾರಿಯುದ್ದಕ್ಕೂ ಯಾಕೂಬರೇ ಮುಂದೆ. ಏರು ಬರುವಾಗ ಕೆಂಪು ಬಸ್ಸು ನಿಂತಿತ್ತು. ನಮ್ಮ ಬಸ್ಸಿನ ಚಿಲ್ಲರೆ ನನ್ನ ಕೈಯಲ್ಲಿತ್ತು, ಇಳಿಯಲು ಏಳುತ್ತಿದ್ದೆ. ಇವರು ಬ್ರೇಕ್ ಒತ್ತಲಿಲ್ಲ. ಬಲಕ್ಕೆ ತಿರುಗಿಸಿ ಒಂದೇ ಸಮ ಓಡಿಸಿದರು. ಯಾಕೂಬರ ಹಾರ್ನ್ ಬಿಡದೆ ಕೂಗಿತು. "ಸೋತದ್ದಕ್ಕೆ ಸಿಟ್ಟು" ಎಂದು ಇವರು ನಕ್ಕರು, ಬಸ್ಸಿಡೀ ನಕ್ಕಿತು, ನಾನೂ ನಕ್ಕೆ. ಹಿಂದೆ ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

ಬೆಳ್ತಂಗಡಿಯಲ್ಲಿ ಧಣಿಗಳು ಇವರ ಬೆನ್ನು ತಟ್ಟಿ ಚಹಾ ಕೊಡಿಸುತ್ತಿರುವಾಗ ಕೆಂಪು ಬಸ್ಸು ಬಂತು. ಎಂದಿನ ಗದ್ದಲವಿಲ್ಲ. ಯಾಕೂಬರು ಕೈ ಹಿಡಿದು ಇಳಿಸಿದ್ದು ನಮ್ಮ ಅತ್ತೆಯನ್ನು. ಮೊಣಕಾಲು ಜಜ್ಜಿ ಸೀರೆಗೆ ರಕ್ತ ಹತ್ತಿತ್ತು. ಆ ಬಸ್ಸಿನವರ ಚಿಲ್ಲರೆ ಹಾಕಲು ಇಳಿದವರು ಅವರೇ. ಹಾರ್ನ್ ಕೇಳಿ ಹಿಂದಕ್ಕೆ ಬಿದ್ದದ್ದರಿಂದ ಉಳಿದರು. ರಸ್ತೆಗೆ ಚೆಲ್ಲಿದ ನಾಣ್ಯಗಳನ್ನು ಹೆಕ್ಕಿ ಡಬ್ಬಿಗೆ ಹಾಕಿದವರು ಯಾಕೂಬರು.

ಇವರು ಚಹಾ ಬಿಟ್ಟು ಓಡಿ ಬಂದರು. "ಅಮ್ಮ, ನೀವು ಅಂತ ನನಗೆ ಗೊತ್ತಿರಲಿಲ್ಲ."

"ಗೊತ್ತಿದ್ದರೆ ನಿಲ್ಲಿಸ್ತಿದ್ದಿಯಾ?"

"ನಿಲ್ಲಿಸದೆ ಉಂಟಾ ಅಮ್ಮ?"

"ಹಾಗಾದರೆ ಅಲ್ಲಿ ಇಳಿದದ್ದು ಯಾರ ಅಮ್ಮ ಅಂತ ತಿಳ್ಕೊಂಡೆ ನೀನು?"

ಧಣಿಗಳು ಪೇಟೆಯ ಕಡೆ ಮುಖ ಮಾಡಿ ನಿಂತರು. ನನ್ನ ಕೈಯಲ್ಲಿ ಹಾಕದೆ ಉಳಿದ ಚಿಲ್ಲರೆ ಹಾಗೇ ಇತ್ತು.

ಹೊಸ ಬಸ್ಸು ಇವರಿಗೇ ಸಿಕ್ಕಿತು. ಆದರೆ ಡಬ್ಬಿಯ ಹತ್ತಿರ ನಿಂತ ಬಸ್ಸನ್ನು ಒಬ್ಬ ದಾಟಿದ್ದನ್ನು ನೋಡಿದ ಮೇಲೆ ಉಳಿದವರು ಬಿಡುತ್ತಾರೆಯೇ? ಲಾರಿಯವರು ದಾಟಿದರು, ಮಾಯಿಲಪ್ಪ ದಾಟಿದ. ಯಾಕೂಬರು ಮಾತ್ರ ದಾಟಲಿಲ್ಲ. ಹಿಂದೆ ಬೀಳುತ್ತಾರೆಂದು ಅವರ ಧಣಿ ಅವರನ್ನು ಮೂಡಬಿದ್ರೆಯ ಕಡೆಯ, ಜನವಿಲ್ಲದ ರೂಟಿಗೆ ಹಾಕಿದರು. ಇವರು ಡಬ್ಬಿಯ ಹತ್ತಿರ ಎಂಜಿನ್ ನಿಲ್ಲಿಸಿ, ತಾವೇ ರಸ್ತೆಯ ನಡುವೆ ಕೈ ಎತ್ತಿ ನಿಲ್ಲತೊಡಗಿದರು. ಹಿಂದಿನವರು ಬೈದರು, ಹತ್ತಿದವರು ಗೊಣಗಿದರು, ತಡವಾಗುತ್ತದೆಂದು ಹೊಸ ಬಸ್ಸು ಕೊನೆಗೆ ಮಾಯಿಲಪ್ಪನ ಕೈಗೇ ಹೋಯಿತು. ಇವರು ಹಳೆಯದನ್ನೇ ಓಡಿಸಿದರು, ಬೇಸರಪಡಲಿಲ್ಲ. ಬೇಸರ ಪಡಲು ಬೇರೆ ಕಾರಣವಿತ್ತು.

ಅತ್ತೆ ಬಹಳ ಕಾಲ ಮಗನ ಬಸ್ಸು ಹತ್ತಲಿಲ್ಲ. ಅರವತ್ತೊಂದರ ಒಂದು ಸಂತೆಗೆ, ಏನು ತೋರಿತೋ, ಬಂದು ಮಗನ ಹಿಂದೆ ನನ್ನ ಪಕ್ಕ ಕೂತರು. ಇವರ ಮುಖ ಅರಳಿದ್ದನ್ನು ಕನ್ನಡಿಯಲ್ಲಿ ಕಂಡೆ. ಏರಿನಲ್ಲಿ ಇವರು ಬಸ್ಸು ನಿಲ್ಲಿಸಿ, ಜಿಗಿದು, ಎರಡೂ ಕೈ ಚಾಚಿ ರಸ್ತೆಗೆ ಅಡ್ಡ ನಿಂತರು.

"ಬನ್ನಿ ಅಮ್ಮ, ನಾನಿದ್ದೇನೆ" ಎಂದರು.

ಅತ್ತೆ ಚಿಲ್ಲರೆ ಹಿಡಿದು ಬಸ್ಸಿನ ಮುಂದೆ ಬಂದರು. ಅಲ್ಲಿ ನಿಂತು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಮತ್ತೊಮ್ಮೆ ಬಲಕ್ಕೆ ನೋಡಿ ರಸ್ತೆ ದಾಟಿದರು.