ಗಡ್ಡೆ ಮಾತ್ರವೋ, ಇಡೀ ಕಿಡ್ನಿಯೋ?

ಲಿಂಗಸಾಮಿಗೆ ಮೂತ್ರದಲ್ಲಿ ರಕ್ತ ಕಾಣಿಸಿಕೊಂಡಾಗ ನೋವೇ ಇರಲಿಲ್ಲ. ನೋವಿಲ್ಲದ ಮೇಲೆ ರೋಗವೆಲ್ಲಿಯದು ಎಂದು ಆತ ಮಗ್ಗದ ಮುಂದೆ ಹೋಗಿ ನಿಂತ. ಕೆಲವು ದಿನ ಬಿಟ್ಟು ಮತ್ತೆ ರಕ್ತ ಕಂಡಿತು. ಹೆಂಡತಿ ನಾಚಿಯಮ್ಮ ಹಟ ಹಿಡಿದು ಕೊಯಮತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಸ್ಕ್ಯಾನ್ ಮಾಡಿದಾಗ ಎಡಗಡೆಯ ಕಿಡ್ನಿಯಲ್ಲಿ ದೊಡ್ಡ ಗಡ್ಡೆ. ಕ್ಯಾನ್ಸರ್ ಇರಬಹುದು, ಇಡೀ ಕಿಡ್ನಿ ತೆಗೆಯಬೇಕು ಎಂದರು ಡಾಕ್ಟರ್.

ನಾಚಿಯಮ್ಮನಿಗೆ ಸಂಶಯ ಹತ್ತಿದ್ದು ಆಗಲೇ. ಕೊಯಮತ್ತೂರಿನ ಪಕ್ಕದ ತುಡಿಯಲೂರಿನಲ್ಲಿ, ಕನ್ನಡ ಮಾತಾಡುವ ನೇಕಾರರಿದ್ದ ಅವರ ಬೀದಿಯಲ್ಲಿ ಹಿಂದೆ ಒಬ್ಬ ದಲ್ಲಾಳಿ ಸುಳಿದಾಡುತ್ತಿದ್ದ. ನೇಕಾರರನ್ನು ಟೀ ಅಂಗಡಿಗೆ ಕರೆದು, ಒಂದು ಕಿಡ್ನಿ ಕೊಟ್ಟರೆ ಏನೂ ಆಗದು ಎಂದು ಪುಸಲಾಯಿಸುತ್ತಿದ್ದ. ಅಂಥವರು ಆಸ್ಪತ್ರೆಯೊಳಗೂ ಇಲ್ಲವೆಂದು ಏನು ನಂಬಿಕೆ?

ಸಾಲದ್ದಕ್ಕೆ, ಎದುರುಮನೆಯ ದಂಡಪಾಣಿಗೂ ಹಿಂದೆ ಇಂಥದೇ ದೊಡ್ಡ ಗಡ್ಡೆಯಾಗಿತ್ತು. ಅವನಿಗೆ ಗಡ್ಡೆಯನ್ನಷ್ಟೇ ತೆಗೆದು ಕಿಡ್ನಿ ಉಳಿಸಿದ್ದರು.

ಮಹಡಿಯ ಮೇಲೆ ಬಾಡಿಗೆಗಿದ್ದ ಹಿನಾ ದಾವಣಗೆರೆಯವಳು, ನರ್ಸ್. ತಮಿಳರ ಹಾಗೆ ಅವಳನ್ನು ಅಕ್ಕರೆಯಿಂದ 'ಕಣ್ಣು' ಎಂದು ಕರೆಯುತ್ತಿದ್ದ ನಾಚಿಯಮ್ಮ ಅವಳನ್ನೇ ಹಿಡಿದು ಕೇಳಿದಳು.

"ದಂಡಪಾಣಿಗೆ ಗಡ್ಡೆ ಮಟ್ಟುಂ ತೆಗ್ದವ್ರೆ. ನಮ್ಮೋರ್ಗೆ ಮಾತ್ರ ಯಾಕೆ ಕಣ್ಣು ಪೂರಾ ಕಿಡ್ನಿ? ತೆಗ್ದು ಯಾರ್ಗೆ ಮಾರ್ತಾರೋ!"

"ಅಷ್ಟು ದೊಡ್ಡ ಗಡ್ಡೆ ಇರೋ ಕಿಡ್ನಿನ ಯಾರಿಗೂ ಹಾಕಲ್ಲ ಅಕ್ಕಾ. ಅದು ಪರೀಕ್ಷೆಗೆ ಲ್ಯಾಬಿಗೆ ಹೋಗುತ್ತೆ."

"ನೀನೂ ಆಸ್ಪತ್ರೆಯೋಳು ತಾನೆ? ನಿಂಗೂ ಕಮಿಷನ್ ಬರುತ್ತೋ ಏನೋ!"

ಹಿನಾಳ ಮುಖ ಸಪ್ಪಗಾಯಿತು. ಆದರೂ ಸಿಟ್ಟಾಗಲಿಲ್ಲ. "ನನ್ನನ್ನ ನಂಬಬೇಡಿ ಬಿಡಿ. ನಿಮಗೆ ಬೇಕಾದ ಬೇರೆ ಡಾಕ್ಟರಿಗೆ ಸ್ಕ್ಯಾನ್ ತೋರಿಸಿ. ಗಡ್ಡೆ ಎಲ್ಲಿದೆ, ಇನ್ನೊಂದು ಕಿಡ್ನಿ ಹೇಗಿದೆ ಅಂತ ಕೇಳಿ. ತಡ ಮಾತ್ರ ಮಾಡಬೇಡಿ."

ಹಾಗಾದರೆ ದಂಡಪಾಣಿಯ ಕಿಡ್ನಿ ಉಳಿಸಿದ ಡಾಕ್ಟರೇ ಆಗಲಿ ಎಂದುಕೊಂಡಳು ನಾಚಿಯಮ್ಮ. ಗಂಡನ ಜೊತೆ ದಂಡಪಾಣಿಯನ್ನೂ ಹೊರಡಿಸಿದಳು. ಡಾಕ್ಟರ್ ತೆನ್ಮೊಳಿ ಸ್ಕ್ಯಾನ್ ನೋಡಿ, ತಮಿಳಿನಲ್ಲಿ ನಿಧಾನವಾಗಿ ಹೇಳಿದರು: ಇಡೀ ಕಿಡ್ನಿಯನ್ನೇ ತೆಗೆಯಬೇಕು.

"ಇವರಿಗೆ ಉಳಿಸಿದ್ರಲ್ಲ!" ನಾಚಿಯಮ್ಮ ದಂಡಪಾಣಿಯ ಕಡೆ ಕೈ ತೋರಿಸಿದಳು.

ದಂಡಪಾಣಿ ಹೇಳಬಹುದೆಂದು ತಲೆಯಾಡಿಸಿದ ಮೇಲೆ ಡಾಕ್ಟರ್ ವಿವರಿಸಿದರು. ಅವನ ಗಡ್ಡೆ ದೊಡ್ಡದಿದ್ದರೂ ಕಿಡ್ನಿಯ ಅಂಚಿನಲ್ಲಿತ್ತು. ಸಕ್ಕರೆ ಕಾಯಿಲೆಯಿಂದ ಇನ್ನೊಂದು ಕಿಡ್ನಿ ಸೋತಿತ್ತು. ಇದನ್ನೂ ತೆಗೆದಿದ್ದರೆ ಡಯಾಲಿಸಿಸ್ ಬೇಕಾಗುತ್ತಿತ್ತು. ಆದ್ದರಿಂದ ಕಷ್ಟಪಟ್ಟು ಉಳಿಸಿದರು.

"ಸುಲಭ ಅಂದ್ಕೋಬೇಡಿ ಅಕ್ಕಾ," ದಂಡಪಾಣಿ ನಡುವೆ ಬಾಯಿ ಹಾಕಿದ. "ರೊಂಬ ರಕ್ತ ಹೋಯ್ತು. ಹೊಲಿಗೆ ಹಾಕಿದ್ ಕಡೆ ಮೂತ್ರ ಸೋರಿ, ಆಸ್ಪತ್ರೆಯಲ್ಲೇ ಬಿದ್ದಿದ್ದೆ. ಬೀದಿಯಲ್ಲಿ ಯಾರ್ಗೂ ಹೇಳ್ಲಿಲ್ಲ."

ಲಿಂಗಸಾಮಿಯ ಗಡ್ಡೆ ಕಿಡ್ನಿಯ ನಡುವೆಯೇ ಬೆಳೆದು ದೊಡ್ಡ ರಕ್ತನಾಳದೊಳಕ್ಕೆ ನುಗ್ಗಿತ್ತು. ಗಡ್ಡೆಯನ್ನಷ್ಟೇ ತೆಗೆಯಲು ಹೋದರೆ ಕ್ಯಾನ್ಸರ್ ಒಳಗೇ ಉಳಿಯುವ ಭಯ. ಆದರೆ ಅವನ ಬಲಗಡೆಯ ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬದುಕಿಗೆ ಅದು ಸಾಕಾಗುತ್ತದೆ ಎಂದರು.

"ತೆಗೆದದ್ದನ್ನ ನಂಗೆ ತೋರಿಸ್ತೀರಾ?" ನಾಚಿಯಮ್ಮ ಪಟ್ಟು ಬಿಡಲಿಲ್ಲ.

"ಖಂಡಿತ ತೋರಿಸ್ತೇವೆ."

ಆಪರೇಷನ್ ಆದ ಮೇಲೆ ಅವಳನ್ನು ಬಾಗಿಲ ಬಳಿ ಕರೆದು ತಟ್ಟೆಯಲ್ಲಿ ತೋರಿಸಿದರು. ಕಿಡ್ನಿ ಎಲ್ಲಿದೆಯೆಂದೇ ತಿಳಿಯದ ಹಾಗೆ ಹಳದಿ ಗಡ್ಡೆ ಅದನ್ನು ನುಂಗಿತ್ತು. ನಾಚಿಯಮ್ಮ ತಟ್ಟೆಯ ಮೇಲೆ ಬಾಗಿ ನೋಡಿದಳು. "ಇದನ್ನ ಒಳಗಿಟ್ಕೊಂಡು ಮಗ್ಗ ಓಡಿಸ್ತಿದ್ರಾ?" ಅವಳು ನೋಡುತ್ತಿದ್ದಂತೆಯೇ ಅದನ್ನು ಡಬ್ಬಿಯಲ್ಲಿಟ್ಟು, ಮೇಲೆ ಲಿಂಗಸಾಮಿಯ ಹೆಸರು ಅಂಟಿಸಿ ಲ್ಯಾಬಿಗೆ ಕಳಿಸಿದರು. ಕ್ಯಾನ್ಸರ್ ಹೌದು, ಆದರೆ ಪೂರ್ತಿ ತೆಗೆದಾಗಿದೆ ಎಂದು ವರದಿ ಬಂತು.

ಗಂಡ ಮನೆಗೆ ಬಂದ ದಿನ ಅವಳು ಮಹಡಿ ಹತ್ತಿದಳು. "ಅವತ್ತು ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣ್ಣು."

"ನೀವು ಕೇಳಿದ್ದೇ ಒಳ್ಳೇದಾಯ್ತು ಅಕ್ಕಾ," ಎಂದಳು ಹಿನಾ. "ಇನ್ನು ಉಳಿದಿರೋ ಒಂದು ಕಿಡ್ನಿ ಕಾಪಾಡ್ಕೋಬೇಕು, ಅಣ್ಣನಿಗೆ ಬಿಪಿ, ಸಕ್ಕರೆ ನೋಡಿಸ್ತಾ ಇರಿ. ಮೈಕೈ ನೋವಿಗೆ ಅಂಗಡಿ ಮಾತ್ರೆ ಬೇಡ. ಡಾಕ್ಟರ್ ಹೇಳಿದಾಗ ಸ್ಕ್ಯಾನ್ ತಪ್ಪಿಸಬೇಡಿ."

ಓದುತ್ತಿರುವ ಅಣ್ಣಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಕೂಡಲೇ ತೋರಿಸಿಕೊಳ್ಳಿ. ಪಕ್ಕದ ಮನೆಯವರಿಗೆ ಮಾಡಿದ ಆಪರೇಷನ್ನೇ ನಿಮಗೂ ಸರಿಹೋಗಬೇಕೆಂದಿಲ್ಲ. ಇನ್ನೊಬ್ಬ ಡಾಕ್ಟರರನ್ನು ಕೇಳುವುದು ನಿಮ್ಮ ಹಕ್ಕು. ಸಂಶಯ ಬಂದರೆ ಅದನ್ನು ಕಟ್ಟಿಕೊಂಡು ಮನೆಯಲ್ಲಿ ಕೂರಬೇಡಿ; ಡಾಕ್ಟರರ ಮುಂದೆ ಬಾಯಿ ಬಿಟ್ಟು ಕೇಳಿ.