ಪರ್ವತಯ್ಯನ ಹಳೆಯ ಆಪರೇಷನ್

ಮಿಡಿಗೇಶಿಯ ಪರ್ವತಯ್ಯ ಯಾರ ಮನೆಯ ಊಟಕ್ಕೂ ಪಂಕ್ತಿಯಲ್ಲಿ ಕೂರುತ್ತಿರಲಿಲ್ಲ. ಕರೆದರೆ "ಇವತ್ತು ಒಪ್ಪತ್ತು ಕಣಪ್ಪ" ಎಂದು ಕೈಮುಗಿದು ಜಾರಿಕೊಳ್ಳುತ್ತಿದ್ದ. ದಿನಾ ಒಪ್ಪತ್ತು ಮಾಡುವ ಮಹಾಭಕ್ತ ಎಂದು ಊರವರು ನಗುತ್ತಿದ್ದರು. ನಿಜ ಗೊತ್ತಿದ್ದದ್ದು ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಮಾತ್ರ. ಕೆಲವು ವರ್ಷಗಳ ಹಿಂದೆ ಕ್ಯಾನ್ಸರ್ ಆಗಿ ಅವನ ಜಠರವನ್ನು ಮುಕ್ಕಾಲು ಪಾಲು ತೆಗೆದಿದ್ದರು. ನಿಂಬೆಹಣ್ಣಿನಷ್ಟು ಮುದ್ದೆ ನುಂಗಿದರೂ ಹೊಟ್ಟೆ ತುಂಬಿಬಿಡುತ್ತಿತ್ತು. ಕಾಯಿಲೆಯ ಹೆಸರು ಹೇಳಲು ಅಂಜಿ, ಹರ್ನಿಯಾ ಆಪರೇಷನ್ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದರು.

ಈಗ ಅವನ ಕಣ್ಣು ಹಳದಿಯಾಯಿತು. ಮೈಯೆಲ್ಲ ತುರಿಕೆ. ಕಾಮಾಲೆಯೆಂದು ಎಲೆಯ ಔಷಧಿ ಕುಡಿದು ಪಥ್ಯ ಮಾಡಿದರೂ ಇಳಿಯಲಿಲ್ಲ. ತುಮಕೂರಿನಲ್ಲಿ ಸ್ಕ್ಯಾನ್ ಮಾಡಿದವರು, "ಜಠರದ ಹಿಂದಿರೋ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಇದೆ, ಪಿತ್ತದ ನಾಳ ಕಟ್ಟಿದೆ. ಬೇಗ ಬೆಂಗಳೂರಿಗೆ ಹೋಗಿ" ಎಂದರು.

ಹೊರಡುವ ಮುಂಚೆ ಪಕ್ಕದ ಮನೆಯ ಮಹಜಬೀನ್ ನೋಡಲು ಬಂದಳು. ಅವಳು ಮಧುಗಿರಿಯಲ್ಲಿ ನರ್ಸ್.

"ಅಣ್ಣಾ, ಹಿಂದೆ ಹೊಟ್ಟೆ ಆಪರೇಷನ್ ಏನಾದ್ರೂ ಆಗೈತಾ? ಅಲ್ಲಿ ಮೊದ್ಲು ಅದ್ನೇ ಕೇಳ್ತಾರೆ."

"ಹರ್ನಿಯಾ ಒಂದು ಆಗಿತ್ತು ಕಣಮ್ಮ." ಪರ್ವತಯ್ಯ ಗೋಡೆ ನೋಡಿದ.

ಚಿಕ್ಕಲಕ್ಷ್ಮಮ್ಮನಿಗೆ ತಡೆಯಲಾಗಲಿಲ್ಲ. "ಹರ್ನಿಯಾ ಅಲ್ಲ ಕಣಮ್ಮ! ಹೊಟ್ಟೇನೇ ಮುಕ್ಕಾಲು ಕೊಯ್ದ್ಬುಟ್ಟವ್ರೆ."

"ಲೇ, ಸುಮ್ನಿರು!" ಎಂದು ಗದರಿದವನ ದನಿ ಅಲ್ಲೇ ಕುಗ್ಗಿತು. "ಒಂದ್ಸಲ ಕೊಯ್ದಿರೋ ಹೊಟ್ಟೆ ಅಂತ ಗೊತ್ತಾಗಿ, ಇನ್ನಾಗಲ್ಲ ಹೋಗಪ್ಪ ಅಂತ ವಾಪಸ್ ಕಳಿಸ್ಬುಟ್ರೆ? ಇವಳನ್ನ ಬುಟ್ಟು ನಾನೆಂಗೆ ಹೋಗ್ಲಿ?"

ಮಹಜಬೀನ್‌ ಅವನ ಪಕ್ಕದಲ್ಲೇ ಕುಳಿತಳು.

"ಅಣ್ಣಾ, ಹೊಲಕ್ಕೆ ಜೆಸಿಬಿ ಬಂದಾಗ ಏನ್ಮಾಡ್ತೀಯ?"

"ಪೈಪ್‌ಲೈನ್ ಎಲ್ಲಿ ಹೋಗೈತೆ ಅಂತ ತೋರಿಸ್ತೀನಿ. ಇಲ್ದಿದ್ರೆ ಒಡೆದಾಕ್ಬುಡ್ತಾನೆ."

"ಇದೂ ಅಂಗೇ. ಜಠರ ತೆಗೆದಾಗ ಕರುಳನ್ನ ಬೇರೆ ಥರ ಜೋಡಿಸಿರ್ತಾರೆ. ಒಳಗೆ ಅಂಟ್ಕೊಂಡೂ ಇರ್ತೈತೆ. ಉಳಿದ ಜಠರಕ್ಕೆ ರಕ್ತ ಎಲ್ಲಿಂದ ಬರ್ತೈತೆ ಅಂತ ನೋಡ್ಕೊಂಡೇ ಕೈ ಹಾಕ್ಬೇಕು. ಮುಂಚೆ ಗೊತ್ತಿದ್ರೆ ತಯಾರಿ ಮಾಡ್ಕೊತಾರೆ."

"ಅಂಗಾದ್ರೆ ನಂಗೆ ಮಾಡ್ತಾರಾ?"

"ಎಲ್ರಿಗೂ ಆಗ್ತೈತೆ ಅಂತ ಸುಳ್ಳು ಹೇಳಲ್ಲ. ಕಷ್ಟದ ಆಪರೇಷನ್ನೇ. ಆದ್ರೆ ಜಠರ ತೆಗೆದೋರಿಗೂ ಮಾಡವ್ರೆ. ಆಗ್ತೈತೋ ಇಲ್ವೋ ಡಾಕ್ಟ್ರು ನೋಡಿ ಹೇಳ್ಲಿ. ನೀನೇ ಯಾಕೆ ಆಗಲ್ಲ ಅಂತ ಕೂತ್ಕೊತೀಯ?"

ಚಿಕ್ಕಲಕ್ಷ್ಮಮ್ಮ ಟ್ರಂಕಿನಲ್ಲಿದ್ದ ಹಳೆಯ ಆಸ್ಪತ್ರೆ ಚೀಟಿಗಳನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

ಬೆಂಗಳೂರಿನಲ್ಲಿ ಡಾಕ್ಟರ್ ಬಾಯಿ ತೆರೆಯುವ ಮೊದಲೇ ಪರ್ವತಯ್ಯ ಅಂಗಿ ಎತ್ತಿ ಹಳೆಯ ಹೊಲಿಗೆಯ ಗುರುತು ತೋರಿಸಿದ. "ಕ್ಯಾನ್ಸರ್ ಆಗಿತ್ತು ಸ್ವಾಮಿ. ಮುಕ್ಕಾಲು ಹೊಟ್ಟೆ ತೆಗ್ದವ್ರೆ." ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಚಿಕ್ಕಲಕ್ಷ್ಮಮ್ಮ ಅಳುತ್ತಲೇ ಅವನ ಕೈ ಹಿಡಿದುಕೊಂಡಳು.

ಡಾಕ್ಟರ್ ಚೀಟಿ ಓದಿ, ರಕ್ತನಾಳ ಕಾಣುವ ಸ್ಕ್ಯಾನ್ ಮಾಡಿಸಿದರು. "ಹೇಳಿದ್ದು ಒಳ್ಳೇದಾಯ್ತು. ನಿಮಗೆ ಮಾಡಬಹುದು" ಎಂದರು.

ಆಪರೇಷನ್ ಬಹಳ ಹೊತ್ತು ಹಿಡಿಯಿತು, ಚೇತರಿಕೆ ಇನ್ನೂ ನಿಧಾನವಾಯಿತು. ಸೊರಗಿದ್ದರೂ ಪರ್ವತಯ್ಯ ಮನೆಗೆ ಬಂದ. ಮಾತಾಡಿಸಲು ಬಂದ ಊರಿನ ಗೆಳೆಯ ಕದಿರಯ್ಯ ಪಿಸುದನಿಯಲ್ಲಿ ಕೇಳಿದ: "ಎಂಥಾ ಆಪರೇಷನ್ನಪ್ಪ?"

"ಒಂದಲ್ಲ ಕಣ್ಲಾ, ಎರಡು. ಕೂತ್ಕೊ, ಎಲ್ಲಾ ಹೇಳ್ತೀನಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಹಿಂದೆ ಹೊಟ್ಟೆಯ ಆಪರೇಷನ್ ಆದವರು ಇರಬಹುದು. ಅವರ ಚೀಟಿಗಳನ್ನು ಜೋಪಾನ ಮಾಡಿ. ಕಣ್ಣು ಹಳದಿಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಊರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ. ಡಾಕ್ಟರ ಹತ್ತಿರ ಮಾತ್ರ ಏನನ್ನೂ ಮುಚ್ಚಿಡಬೇಡಿ.